ದೀಪ ದೊಡ್ಡದಾಯ್ತು

೧

ಈ ಕಥೆಯನ್ನು ಎಲ್ಲಿಂದ ಶುರು ಮಾಡಬೇಕು ಅನ್ನುವುದೇ ನನಗೆ ತಲೆನೋವಾಗಿದೆ. ಮೊದಲ ಕರಡು ಹೀಗಿತ್ತು: ‘ಒಂದು ಮಿಲಿಮೀಟರ್ ದಪ್ಪದ ಪ್ಲಾಸ್ಟಿಕ್ ದಾರದ ಈ ತುದಿಯಲ್ಲಿ ಕೆಂಪು ದೀಪ ಹೊತ್ತಿಸಿದರೆ ಆ ತುದಿಯಲ್ಲಿ ಕೆಂಪು ಚುಕ್ಕೆ ಕಾಣುತ್ತದೆ.’ ನನ್ನ ಹೆಂಡತಿ ಓದಿ, ಇದು ಕಥೆಯೋ ಶಾಲೆಯ ವಿಜ್ಞಾನ ಪ್ರದರ್ಶನದ ಚಾರ್ಟೋ ಎಂದು ಕೇಳಿದಳು. ಹರಿದು ಹಾಕಿದೆ. (ಹರಿದದ್ದು ಮಾತಿನ ಅಲಂಕಾರಕ್ಕೆ. ಕಂಪ್ಯೂಟರಿನಲ್ಲಿ ಬರೆಯುವವನು ಹರಿಯುವುದಾದರೂ ಏನನ್ನು? ಡಿಲೀಟ್ ಒತ್ತಿದೆ.)

ಎರಡನೆಯ ಕರಡು: ‘ದೆಹಲಿಯ ಚಳಿಗಾಲದ ದಟ್ಟ ಮಂಜಿನಲ್ಲಿ...’ ಅಲ್ಲಿಗೇ ನಿಲ್ಲಿಸಿದೆ. ದೆಹಲಿ ಅಂದ ತಕ್ಷಣ ಮಂಜು ಇಳಿಸುವ ಕನ್ನಡ ಲೇಖಕರು ಬೇಕಾದಷ್ಟು ಮಂದಿ ಇದ್ದಾರೆ. ಅಲ್ಲದೆ ಇದು ನಡೆದದ್ದು ಎರಡು ಸಾವಿರದ ಆರನೇ ಇಸವಿಯ ಸೆಪ್ಟೆಂಬರ್ ತಿಂಗಳಲ್ಲಿ. ಆಗ ದೆಹಲಿಯಲ್ಲಿ ಮಂಜಿರುವುದಿಲ್ಲ, ಬೆವರಿರುತ್ತದೆ.

ಹಾಗಾದರೆ ನೇರವಾಗಿ ಹೇಳಿಬಿಡುತ್ತೇನೆ. ಸುಮಿತ್ರಾ ಎಂಬ ಎಂಜಿನಿಯರ್ ಒಂದು ಮಾತು ಆಡಿದಳು. ಅದನ್ನು ಪ್ರಜ್ವಲ್ ಎಂಬ ಹುಡುಗ ತಿರುಗುಮುರುಗಾಗಿ ಕೇಳಿಸಿಕೊಂಡ. ಅದರಿಂದಾಗಿ, ತೂತಿದ್ದ ಗ್ಯಾಸ್ ಸಿಲಿಂಡರ್ ಒಂದು ‘ಪಾಸ್’ ಎಂಬ ಮುದ್ರೆ ಹೊತ್ತುಕೊಂಡು ಫರೀದಾಬಾದಿನ ಕಾರ್ಖಾನೆಯಿಂದ ಹೊರಬಿತ್ತು. ಅದು ಯಾರದಾದರೂ ಅಡುಗೆಮನೆ ಸೇರುವ ಮುಂಚೆ ಸಿಗಬೇಕು. ಕಥೆ ಇಷ್ಟೇ. ಉಳಿದದ್ದು ನನ್ನ ಬಾಯಿಚಪಲ.

೨

ಸುಮಿತ್ರಾ ಚಿತ್ರದುರ್ಗದವಳು. ಮದುವೆಯಾಗಿ ದೆಹಲಿಗೆ ಬಂದು ಹತ್ತು ವರ್ಷದ ಮೇಲಾಯಿತು. ಗಂಡ ವಿಕ್ರಮ್ ಕೇಂದ್ರ ಸರ್ಕಾರದ ಯಾವುದೋ ಮಂತ್ರಾಲಯದಲ್ಲಿ ಅಧಿಕಾರಿ. (ಯಾವ ಮಂತ್ರಾಲಯ ಅನ್ನುವುದು ಕಥೆಗೆ ಬೇಕಿಲ್ಲ. ಅವನೂ ಕಥೆಗೆ ಅಷ್ಟಾಗಿ ಬೇಕಿಲ್ಲ, ಪಾಪ, ಒಳ್ಳೆಯವನು.) ಆರ್.ಕೆ.ಪುರಂನ ಸರ್ಕಾರಿ ಕ್ವಾರ್ಟರ್ಸಿನಲ್ಲಿ ಮನೆ. ಜೊತೆಗೆ ಮಾವ ಈಶ್ವರಪ್ಪ, ಅತ್ತೆ ಲೀಲಮ್ಮ, ಮಗಳು ತನ್ವಿ. ಓಖ್ಲಾದ ಒಂದು ಸಣ್ಣ ಕಂಪನಿಯಲ್ಲಿ ಅವಳಿಗೆ ಕೆಲಸ. ಕಾರ್ಖಾನೆಗಳೊಳಗೆ ಒಂದು ಯಂತ್ರದ ಮಾತನ್ನು ಇನ್ನೊಂದು ಯಂತ್ರಕ್ಕೆ ಮುಟ್ಟಿಸುವ ಪುಟ್ಟ ಪೆಟ್ಟಿಗೆಗಳನ್ನು ಅವರು ತಯಾರಿಸುತ್ತಾರೆ. ಈ ಬಗೆಯ ರವಾನೆಗೆ ಸೀರಿಯಲ್ ಡೇಟಾ ಅನ್ನುತ್ತಾರೆ. ಅಂದರೆ ಮಾತಿನ ಚೂರುಗಳು ಒಂದರ ಹಿಂದೆ ಒಂದು ಸಾಲಾಗಿ ಹೋಗಬೇಕು. ಬ್ಲೂಲೈನ್ ಬಸ್ ಹತ್ತುವವರ ಹಾಗಲ್ಲ, ಮದರ್ ಡೈರಿ ಬೂತಿನ ಮುಂದೆ ಹಾಲಿಗೆ ನಿಂತವರ ಹಾಗೆ.

ಲೀಲಮ್ಮನಿಗೆ ಇದರಲ್ಲಿ ಅರ್ಥವಾದದ್ದು ಒಂದೇ ಪದ. ಕನ್ನಡ ಸಂಘದ ಹೆಂಗಸರ ಮುಂದೆ ಅವರು ತಣ್ಣಗೆ ಹೇಳಿಬಿಟ್ಟರು.

“ನಮ್ಮ ಸೊಸೆ ಸೀರಿಯಲ್ ಕೆಲಸದಲ್ಲಿದಾಳೆ.”

“ಹೌದಾ, ಯಾವ ಚಾನೆಲ್ಲು?” ಎಂದರಂತೆ ಯಾರೋ.

“ಇನ್ನೂ ಬಂದಿಲ್ಲ. ತಯಾರಾಗ್ತಾ ಇದೆ.”

ಸುಮಿತ್ರಾಳಿಗೆ ಇದು ತಿಳಿದದ್ದು ಎಷ್ಟೋ ದಿನದ ಮೇಲೆ, ತರಕಾರಿ ಕೊಳ್ಳುವಾಗ ಒಬ್ಬಾಕೆ ಬಂದು, ನಿಮ್ಮ ಸೀರಿಯಲ್ಲಲ್ಲಿ ನಮ್ಮ ಮಗಳಿಗೊಂದು ಪಾರ್ಟ್ ಕೊಡಿಸಿ ಎಂದು ಕೇಳಿಕೊಂಡಾಗ.

(ಲೀಲಮ್ಮ ನನ್ನ ಮೇಲೆ ಕಣ್ಣಿಟ್ಟಿದ್ದಾರೆ. “ನನ್ನನ್ನ ಟಿ.ವಿ. ಅತ್ತೆ ಮಾಡಿದ್ರೆ ನೋಡಿ ಮತ್ತೆ” ಎಂದು ಆಗಲೇ ಎಚ್ಚರಿಸಿದ್ದಾರೆ. ಮಾಡುವುದಿಲ್ಲ. ಅವರು ಸೊಸೆಗೆ ದಿನಾ ಡಬ್ಬಿ ಕಟ್ಟಿಕೊಡುವ ಅತ್ತೆ.)

೩

ಈಗ ಕಾರ್ಖಾನೆ. ಸ್ವಲ್ಪ ಸಹಿಸಿಕೊಳ್ಳಿ, ಇಲ್ಲಿ ಕೆಲವು ಸಂಗತಿಗಳನ್ನು ಹೇಳಲೇಬೇಕು.

ಆ ಕಾರ್ಖಾನೆಯಲ್ಲಿ ಅಡುಗೆ ಗ್ಯಾಸಿನ ಸಿಲಿಂಡರ್ ತಯಾರಾಗುತ್ತಿತ್ತು. ಉದ್ದನೆಯ ಶೆಡ್ಡು. ಒಂದು ಕೊನೆಯಲ್ಲಿ ಪ್ರತಿ ಸಿಲಿಂಡರಿಗೂ ಗಾಳಿ ತುಂಬಿ, ನೀರಿನ ತೊಟ್ಟಿಗೆ ಇಳಿಸಿ, ಗುಳ್ಳೆ ಏಳುತ್ತದೆಯೇ ಎಂದು ನೋಡುತ್ತಾರೆ. ಅಲ್ಲಿಂದ ಸಿಲಿಂಡರುಗಳೆಲ್ಲ ಒಂದೇ ಸಾಲಿನಲ್ಲಿ ಸಾಗಿ ಇನ್ನೊಂದು ಕೊನೆಯ ಮುದ್ರೆ ಯಂತ್ರಕ್ಕೆ ಹೋಗುತ್ತವೆ. ಗುಳ್ಳೆ ಎದ್ದರೆ ತೊಟ್ಟಿಯ ಬಳಿ ಇರುವವನು ಒಂದು ಗುಂಡಿ ಒತ್ತುತ್ತಾನೆ. ‘ನಿಲ್ಲು’ ಎಂಬ ಸಂದೇಶ ಆ ಕೊನೆಗೆ ಹೋಗಿ, ಯಂತ್ರ ನಿಂತು, ಕೆಟ್ಟ ಸಿಲಿಂಡರನ್ನು ಪಕ್ಕಕ್ಕೆ ತೆಗೆಯುತ್ತಾರೆ. ಸಂದೇಶ ಬರದಿದ್ದರೆ ಮುದ್ರೆ ಬೀಳುತ್ತದೆ.

ತೊಂದರೆ ಏನೆಂದರೆ, ಎರಡು ಕೊನೆಗಳ ನಡುವೆ ವೆಲ್ಡಿಂಗ್ ಯಂತ್ರಗಳ ಸಾಲಿತ್ತು. ಅವು ಕಿಡಿ ಕಾರಿದಾಗಲೆಲ್ಲ ತಾಮ್ರದ ತಂತಿಯೊಳಗೆ ಗದ್ದಲ ನುಗ್ಗಿ, ಯಾರೂ ಹೇಳದಿದ್ದರೂ ಮುದ್ರೆ ಯಂತ್ರಕ್ಕೆ ‘ನಿಲ್ಲು, ನಿಲ್ಲು’ ಎಂದು ಕೇಳಿಸುತ್ತಿತ್ತು. ಅದು ನಿಂತು ನಿಂತು ಕಾರ್ಖಾನೆಯ ಮಾಲೀಕರಿಗೆ ರೋಸಿಹೋಗಿ, ಸುಮಿತ್ರಾಳ ಕಂಪನಿಯನ್ನು ಕರೆಸಿದ್ದರು. ಸುಮಿತ್ರಾ ಹುಡುಕಿದ ಪರಿಹಾರವೇ ಪ್ಲಾಸ್ಟಿಕ್ ಫೈಬರ್. ಅದರೊಳಗೆ ಹೋಗುವುದು ಬೆಳಕು. ಬೆಳಕಿಗೆ ವೆಲ್ಡಿಂಗಿನ ಗದ್ದಲ ತಟ್ಟುವುದಿಲ್ಲ.

ಈ ಫೈಬರಿನ ಮೇಲೆ ಅವಳಿಗೊಂದು ಮಮತೆ ಇತ್ತು. ಗಾಜಿನ ಫೈಬರಿನ ಹಾಗೆ ಇದಕ್ಕೆ ದೊಡ್ಡ ದೊಡ್ಡ ಉಪಕರಣ ಬೇಡ. ಬ್ಲೇಡಿನಿಂದ ನೇರವಾಗಿ ಕತ್ತರಿಸಿ, ತುದಿಯನ್ನು ನುಣ್ಣನೆಯ ಉಪ್ಪುಕಾಗದದ ಮೇಲೆ ಎಂಟರ ಆಕಾರದಲ್ಲಿ ತಿಕ್ಕಿದರೆ ಆಯಿತು. (ಇಂಗ್ಲಿಷ್ ಎಂಟು. ನಮ್ಮ ಕನ್ನಡದ ೮ರಂತೆ ತಿಕ್ಕಿದರೆ ತುದಿ ಒಂದೇ ಕಡೆ ಸವೆಯುತ್ತದೆ. ಕನ್ನಡಾಭಿಮಾನಿಗಳು ಕ್ಷಮಿಸಬೇಕು.) ಅವಳು ಭಾನುವಾರ ಮನೆಯಲ್ಲೇ ಕೂತು ತಿಕ್ಕುತ್ತಿದ್ದಳು. ತನ್ವಿ ಒಂದು ತುದಿಗೆ ಟಾರ್ಚ್ ಹಿಡಿದರೆ ಇನ್ನೊಂದು ತುದಿ ಮಿನುಗುತ್ತಿತ್ತು.

ಸುಮಿತ್ರಾ ಕೇಳಿದ್ದು ಒಂದೇ: ಸಂದೇಶ ಇಲ್ಲದಾಗಲೂ ಫೈಬರಿನಲ್ಲಿ ದೀಪ ಉರಿಯುತ್ತಲೇ ಇರಲಿ. ಮಾತಾಡುವಾಗ ಮಾತ್ರ ಅದು ಮಿಟುಕಲಿ. ಹಾಗಿದ್ದರೆ ದೀಪ ಪೂರ್ತಿ ಹೋದ ಕ್ಷಣವೇ ದಾರ ಕಡಿದಿದೆ ಎಂದು ಗೊತ್ತಾಗುತ್ತದೆ. ಕಂಪನಿಯ ಯಜಮಾನ ಖುರಾನಾ ಸಾಹೇಬರು ನಕ್ಕರು.

“ಬೇಟಾ, ಬಾತ್ ನಹೀಂ ತೋ ಬತ್ತೀ ಕ್ಯೂಂ?”

ಮಾತಿಲ್ಲದಾಗ ದೀಪ ಯಾಕೆ? ಸುಮ್ಮನೆ ಉರಿದರೆ ಎಲ್‌ಇಡಿಯ ಆಯಸ್ಸು ಸವೆಯುತ್ತದೆ, ಸಂದೇಶ ಇದ್ದಾಗ ಮಾತ್ರ ಹೊತ್ತಿದರೆ ಸಾಕು ಎಂದರು. ಸುಮಿತ್ರಾಳ ಹತ್ತಿರ ಉತ್ತರವಿತ್ತು. ಅಷ್ಟರಲ್ಲಿ ಚಹಾ ಬಂತು, ಯಾರೋ ಕ್ರಿಕೆಟ್ ಎತ್ತಿದರು, ಅವಳು ಸುಮ್ಮನಾದಳು. ಮೌನಂ ಸಮ್ಮತಿ ಲಕ್ಷಣಂ. ಈ ಮಾತು ಕಟ್ಟಿದವನು ಎಂದಾದರೂ ಮೀಟಿಂಗಿನಲ್ಲಿ ಕೂತಿದ್ದನೋ ಇಲ್ಲವೋ, ನನಗೆ ಅನುಮಾನ.

೪

ಇಲ್ಲೊಂದು ಫ್ಲ್ಯಾಷ್‌ಬ್ಯಾಕ್ ಹಾಕಿದ್ದೆ. ಮದುವೆಯಾದ ಹೊಸತು, ದೇವರ ಮುಂದಿನ ದೀಪ ಗಾಳಿಗೆ ಹೋಯಿತು, ಹೊಸ ಸೊಸೆ ಬಾಯಿತಪ್ಪಿ “ದೀಪ ಆರಿಹೋಯ್ತು” ಅಂದಳು, ಅದೇ ವಾರ ಮಾವ ಈಶ್ವರಪ್ಪ ತೀರಿಕೊಂಡರು, ಅಂದಿನಿಂದ ಆ ಪದ ಅವಳ ನಾಲಿಗೆಗೆ ಬರುವುದಿಲ್ಲ. ಬರೆದು ಮುಗಿಸಿ ನನ್ನ ಕಣ್ಣೇ ಒದ್ದೆಯಾಗಿತ್ತು. ಸುಮಿತ್ರಾ ಅಡ್ಡ ಬಂದಳು.

“ಸಾರ್, ನಮ್ಮ ಮಾವನವರನ್ನ ಯಾಕೆ ಸಾಯಿಸಿದ್ರಿ?”

“ಕಥೆಗೆ ತೂಕ ಬರುತ್ತೆ ಅಂತ.”

“ಅವರು ಪಾರ್ಕಲ್ಲಿ ವಾಕಿಂಗ್ ಮಾಡ್ತಿದಾರೆ. ಬರ್ತಾ ಕೊತ್ತಂಬರಿ ಸೊಪ್ಪು ತರೋಕೆ ಹೇಳಿದೀನಿ. ಬದುಕಿಸಿ.”

ಬದುಕಿಸಿದೆ. “ಹಾಗಾದ್ರೆ ಆ ಪದ ನಿಮ್ಮ ಬಾಯಲ್ಲಿ ಯಾಕೆ ಬರಲ್ಲ?” ಎಂದು ಕೇಳಿದೆ.

“ನಮ್ಮಜ್ಜಿ ಅಂತಿರಲಿಲ್ಲ, ನಮ್ಮಮ್ಮ ಅಂತಿರಲಿಲ್ಲ, ನಾನೂ ಅನ್ನಲ್ಲ. ಎಲ್ಲದಕ್ಕೂ ಒಂದು ಸಾವು ಬೇಕಾ ಸಾರ್?”

ಬೇಡ. ನಿಮಗೆ ಗೊತ್ತೇ ಇದೆ, ನಮ್ಮಲ್ಲಿ ದೀಪ ಆರಿಸು ಅನ್ನಬಾರದು. ಶಾಂತ ಮಾಡು ಅನ್ನುತ್ತಾರೆ, ಇನ್ನು ಕೆಲವು ಮನೆಗಳಲ್ಲಿ ದೊಡ್ಡದು ಮಾಡು ಅನ್ನುತ್ತಾರೆ. ಹೊರಡುವಾಗ ಹೋಗ್ತೀನಿ ಅನ್ನದೆ ಬರ್ತೀನಿ ಅನ್ನುವವರು ನಾವು. ಒಡೆದ ಬಳೆಯನ್ನು ಹೆಚ್ಚಿತು ಅನ್ನುವವರು. ಕೆಟ್ಟದ್ದನ್ನು ಒಳ್ಳೆಯ ಮಾತಿನಲ್ಲಿ ಸುತ್ತಿ ಕೊಡುತ್ತೇವೆ. ಬಿಚ್ಚಿ ನೋಡುವುದು ಕೇಳುವವನ ಜವಾಬ್ದಾರಿ.

ಈ ಜವಾಬ್ದಾರಿ ಎಲ್ಲರಿಗೂ ತಿಳಿದಿರುವುದಿಲ್ಲ. ಆ ವರ್ಷದ ಗೌರಿ ಹಬ್ಬದ ಸಂಜೆ ಮನೆಮಂದಿಯೆಲ್ಲ ಹೊರಗೆ ಹೊರಟಿದ್ದರು. ಲೀಲಮ್ಮ ಚಪ್ಪಲಿ ಮೆಟ್ಟುತ್ತಾ, “ತನ್ವಿ, ದೇವರ ದೀಪ ದೊಡ್ಡದು ಮಾಡಿ ಬಾರಮ್ಮ” ಅಂದರು. ಎಂಟು ವರ್ಷದ ತನ್ವಿಗೆ ಕನ್ನಡ ಅರ್ಥವಾಗುತ್ತದೆ, ಆಡುವುದು ಹಿಂದಿ. ಅವಳು ಭಕ್ತಿಯಿಂದ ಬತ್ತಿಯನ್ನು ಮುಂದಕ್ಕೆ ಎಳೆದು ಉರಿ ದೊಡ್ಡದು ಮಾಡಿ ಬಂದಳು. ಪುಣ್ಯಕ್ಕೆ ಈಶ್ವರಪ್ಪ ಕನ್ನಡಕ ಮರೆತು ವಾಪಸ್ ಹೋದರು. ಗೌರಿಯ ಪ್ಲಾಸ್ಟಿಕ್ ಹೂವಿನ ಹಾರ ಆಗಲೇ ಕರಗತೊಡಗಿತ್ತು.

“ಅಜ್ಜಿ ನೇ ಹೀ ತೋ ಬೋಲಾ ಥಾ, ಬಡಾ ಕರೋ” ಎಂದು ತನ್ವಿ ಅತ್ತಳು. ಅಜ್ಜಿಯೇ ಹೇಳಿದ್ದು, ದೊಡ್ಡದು ಮಾಡು ಅಂತ. ಎಲ್ಲರೂ ನಕ್ಕು ಅವಳನ್ನು ಎತ್ತಿಕೊಂಡರು. ಸುಮಿತ್ರಾಳೂ ನಕ್ಕಳು. ನಕ್ಕು ಮರೆತಳು.

೫

ಪರೀಕ್ಷೆಯ ದಿನ. ಸುಮಿತ್ರಾ ಮುದ್ರೆ ಯಂತ್ರದ ಬಳಿ, ಪ್ರಜ್ವಲ್ ತೊಟ್ಟಿಯ ಬಳಿ. ಇಬ್ಬರ ಕೈಯಲ್ಲೂ ಮೊಬೈಲ್.

ಪ್ರಜ್ವಲ್ ಕೆಲಸಕ್ಕೆ ಸೇರಿ ಇನ್ನೂ ಕೆಲವೇ ತಿಂಗಳು, ಪ್ರೊಬೇಷನ್ ಮುಗಿದಿರಲಿಲ್ಲ. ಅಪ್ಪ ಅಮ್ಮ ದಾವಣಗೆರೆಯವರು, ಇವನು ಹುಟ್ಟಿ ಬೆಳೆದದ್ದೆಲ್ಲ ದೆಹಲಿಯ ಪೀತಮ್‌ಪುರದಲ್ಲಿ. ಆಫೀಸಿನಲ್ಲಿ ಕನ್ನಡ ಬಲ್ಲವರು ಇವರಿಬ್ಬರೇ. ಸುಮಿತ್ರಾಳಿಗೆ ಅವನ ಜೊತೆ ಕನ್ನಡ ಮಾತಾಡುವುದೆಂದರೆ ಪ್ರೀತಿ. ಅವನಿಗೂ ಇಷ್ಟವೇ. ಅರ್ಥವಾಗದ ಪದಗಳನ್ನು ಅವನು ನಾಚಿಕೆಯಿಂದ ಕೇಳುತ್ತಿರಲಿಲ್ಲ, ಅಂದಾಜಿನ ಮೇಲೆ ನಡೆಸಿಕೊಂಡು ಹೋಗುತ್ತಿದ್ದ.

ಪ್ರಜ್ವಲ್ ಅಲ್ಲಿಂದ ಒಂದು ಸ್ವಿಚ್ ಹಾಕಿ ಫೈಬರಿನೊಳಗೆ ದೀಪವನ್ನು ಬಿಡದೆ ಉರಿಸಬೇಕು, ಸುಮಿತ್ರಾ ಈ ತುದಿಯನ್ನು ಕಣ್ಣಿನಿಂದ ನೋಡಿ ಹೇಳಬೇಕು. ಚುಕ್ಕೆ ಚೆನ್ನಾಗಿಯೇ ಕಂಡಿತು, ಕುಂಕುಮದ ಹಾಗೆ. ಅಷ್ಟರಲ್ಲಿ ಕಾರ್ಖಾನೆಯ ಎಲೆಕ್ಟ್ರಿಷಿಯನ್, ಮಾಲೀಕರು ಬರುತ್ತಾರೆ, ಅಂದವಾಗಿ ಕಾಣಲಿ ಎಂದು, ದಾರವನ್ನು ಕಂಬದ ಮೂಲೆಗೆ ಬಿಗಿಯಾಗಿ ಎಳೆದು ಕಟ್ಟಿದ. ಪ್ಲಾಸ್ಟಿಕ್ ಫೈಬರನ್ನು ಹಾಗೆ ಮಡಿಸಬಾರದು. ಬೆಳಕು ತಿರುವಿನಲ್ಲೇ ಸೋರಿಹೋಗುತ್ತದೆ. ಚುಕ್ಕೆ ಮಾಯವಾಯಿತು.

“ಮೇಡಂ, ದೀಪ ಹೇಗಿದೆ?” ವೆಲ್ಡಿಂಗ್ ಸದ್ದಿನ ನಡುವೆ ಪ್ರಜ್ವಲ್ ಕೇಳಿದ.

“ದೊಡ್ಡದಾಯ್ತು” ಅಂದಳು ಸುಮಿತ್ರಾ.

(ಇಲ್ಲಿ ನಾನು ಅವಳ ಬಾಯಿ ಮುಚ್ಚಬಹುದಿತ್ತು. ‘ಆಫ್ ಆಯ್ತು’ ಅನ್ನಿಸಬಹುದಿತ್ತು. ಆಫೀಸಿನಲ್ಲಿ ದಿನಕ್ಕೆ ನೂರು ಸಲ ಆನ್, ಆಫ್ ಅನ್ನುವ ಹೆಂಗಸು. ಆದರೆ ಪ್ರಜ್ವಲ್ ಲೈಟ್ ಅನ್ನಲಿಲ್ಲ, ಮೇಡಂಗೆ ಖುಷಿಯಾಗಲಿ ಎಂದು ದೀಪ ಅಂದ. ದೀಪ ಅಂದ ತಕ್ಷಣ ಅವಳೊಳಗಿನಿಂದ ಅಜ್ಜಿ ಉತ್ತರ ಕೊಟ್ಟಳು.)

“ಅಚ್ಛಾ, ಚಲೋ” ಎಂದು ಅವನು ಫೋನ್ ಇಟ್ಟ. ದೊಡ್ಡದಾಯ್ತಂತೆ, ಅಂದರೆ ಬೆಳಕು ಇನ್ನೂ ಜೋರಾಗಿದೆ. ಅವನು ಖುಷಿಯಿಂದ ಹೆಬ್ಬೆರಳೆತ್ತಿ, ಪರೀಕ್ಷೆ ನೋಡಲು ಬಂದಿದ್ದ ಖುರಾನಾ ಸಾಹೇಬರಿಗೆ ತೋರಿಸಿದ. ಇತ್ತ ಸುಮಿತ್ರಾ, ಹುಡುಗ ದಾರ ನೋಡಲು ಹೋಗಿದ್ದಾನೆ ಅಂದುಕೊಂಡಳು. ಆಗಲೇ ಮಾಲೀಕರು ಬಂದು ಅವಳನ್ನು ತಮ್ಮ ಕೋಣೆಗೆ ಕರೆದುಕೊಂಡು ಹೋಗಿ ಬೆಳಕು, ಪ್ಲಾಸ್ಟಿಕ್ಕು ಎಂದು ನೂರೆಂಟು ಕೇಳಿದರು. ಅವಳು ಶೆಡ್ಡಿಗೆ ಮರಳುವಷ್ಟರಲ್ಲಿ ದಾರವನ್ನು ಪೆಟ್ಟಿಗೆಗೆ ಚುಚ್ಚಿ ಯಂತ್ರ ಶುರು ಮಾಡಿಯಾಗಿತ್ತು.

“ಆಯ್ತಾ ಪ್ರಜ್ವಲ್?”

“ಆಯ್ತು ಮೇಡಂ.”

ಅವಳು ಕೇಳಿದ್ದು ರಿಪೇರಿ ಆಯ್ತಾ ಎಂದು. ಅವನು ಹೇಳಿದ್ದು ಕನೆಕ್ಷನ್ ಆಯ್ತು ಎಂದು. ನಮ್ಮ ಭಾಷೆಯಲ್ಲಿ ‘ಆಯ್ತು’ ಒಂದಿದ್ದರೆ ಸಂಸಾರವೇ ಸಾಗುತ್ತದೆ.

೬

ಯಂತ್ರ ಒಂದು ಸಲವೂ ನಿಲ್ಲಲಿಲ್ಲ.

ವೆಲ್ಡಿಂಗ್ ಕಿಡಿ ಹಾರುತ್ತಿದ್ದರೂ ಮುದ್ರೆ ಮೇಲೆ ಮುದ್ರೆ, ಟಪ್ ಟಪ್ ಎಂದು. ಜನ ಸುತ್ತ ನಿಂತು ನೋಡಿದರು. ಮಾಲೀಕರು ಲಡ್ಡು ತರಿಸಿದರು. ಖುರಾನಾ ಸಾಹೇಬರು ಪ್ರಜ್ವಲನ ಬೆನ್ನು ತಟ್ಟಿದರು. ಮಧ್ಯಾಹ್ನದ ಹೊತ್ತಿಗೆ ಒಂದು ಟೆಂಪೋ ತುಂಬಿ ಹೊರಟೂ ಹೋಯಿತು.

ಲಡ್ಡು ಕೈಯಲ್ಲಿ ಹಿಡಿದ ಸುಮಿತ್ರಾಳಿಗೆ ಮಾತ್ರ ಏನೋ ಕಸಿವಿಸಿ. ಸುಳ್ಳು ‘ನಿಲ್ಲು’ ಬರಲಿಲ್ಲ, ಸರಿ. ನಿಜವಾದ ‘ನಿಲ್ಲು’ ಕೂಡ ಬರಲಿಲ್ಲವೇ? ಅವಳು ತೊಟ್ಟಿಯ ಬಳಿ ಹೋಗಿ, ಗುಂಡಿ ಒತ್ತುವ ರಾಮ್‌ಪಾಲನನ್ನು ಕೇಳಿದಳು. ಇವತ್ತು ಕೆಟ್ಟ ಸಿಲಿಂಡರ್ ಬರಲೇ ಇಲ್ಲವೇ ಭಯ್ಯಾ?

“ಆಯೇ ಥೇ ನಾ, ಏಕ್-ದೋ. ಬಟನ್ ದಬಾಯಾ ಥಾ” ಎಂದ ಅವನು. ಬಂದಿದ್ದವು, ಒಂದೋ ಎರಡೋ. ಗುಂಡಿ ಒತ್ತಿದ್ದೆನಲ್ಲ.

ಸುಮಿತ್ರಾ ಲಡ್ಡು ಅಲ್ಲೇ ಇಟ್ಟಳು. ಅವಳು ಪ್ರಜ್ವಲನನ್ನು ಹುಡುಕಿದಳು. ಅವನ ಬಾಯಿ ತುಂಬ ಲಡ್ಡು.

“ನಾನು ದೀಪ ದೊಡ್ಡದಾಯ್ತು ಅಂದ ಮೇಲೆ ನೀನು ಏನು ಸರಿಮಾಡಿದೆ?”

“ಸರಿ ಮಾಡೋಕೆ ಏನಿತ್ತು ಮೇಡಂ? ನೀವೇ ಅಂದ್ರಲ್ಲ, ಬಡೀ ಹೋ ಗಯೀ ಅಂತ. ಬ್ರೈಟ್ ಆಯ್ತು ಅಂತ.”

ಅವಳಿಗೆ ಗೌರಿ ಹಬ್ಬದ ಕರಗಿದ ಹಾರ ನೆನಪಾಯಿತು.

“ದೊಡ್ಡದಾಯ್ತು ಅಂದ್ರೆ...” ಎಂದು ಶುರು ಮಾಡಿ ನಿಲ್ಲಿಸಿದಳು. ಮುಂದಿನ ಪದ ಬಾಯಿಗೆ ಬರಲಿಲ್ಲ. ನಾಲಿಗೆಯ ಮೇಲೆ ಬಂದು ಕೂತಿತು, ಹೊರಗೆ ಬೀಳಲಿಲ್ಲ. ಆಮೇಲೆ ಬಿತ್ತು.

“ಆರಿತು ಅಂತ ಕಣೋ. ದೀಪ ಆರಿತ್ತು.”

ಏನೂ ಆಗಲಿಲ್ಲ. ಆಕಾಶ ಕಳಚಿ ಬೀಳಲಿಲ್ಲ, ಆರ್.ಕೆ.ಪುರಂನಲ್ಲಿ ಈಶ್ವರಪ್ಪ ಆರಾಮಾಗಿದ್ದರು. ಆದರೆ ಪ್ರಜ್ವಲನ ಮುಖ ಸಪ್ಪೆಯಾಯಿತು.

“ನನ್ನ ನೌಕ್ರಿ ಹೋಗುತ್ತೆ ಮೇಡಂ” ಎಂದ ಮೆಲ್ಲಗೆ.

೭

ಇಲ್ಲಿ ನಾನು ಸುಮಿತ್ರಾಳಿಗೆ ಒಂದು ಸುಲಭದ ದಾರಿ ತೋರಿಸಿದೆ. ಲೇಖಕನಾದವನು ತನ್ನ ಪಾತ್ರಗಳಿಗೆ ಇಷ್ಟಾದರೂ ಉಪಕಾರ ಮಾಡಬೇಡವೇ? ಯಾರಿಗೂ ಹೇಳಬೇಡ, ಕಂಬದ ಕಟ್ಟು ಸಡಿಲಿಸು, ನಾಳೆಯಿಂದ ಎಲ್ಲ ಸರಿಹೋಗುತ್ತದೆ. ಹುಡುಗನ ಕೆಲಸವೂ ಉಳಿಯುತ್ತದೆ, ಕಂಪನಿಯ ಮಾನವೂ ಉಳಿಯುತ್ತದೆ.

“ಇವತ್ತಿನ ಸಿಲಿಂಡರ್?” ಎಂದಳು.

“ಗ್ಯಾಸ್ ತುಂಬುವಲ್ಲಿ ಇನ್ನೊಂದು ಸಲ ನೋಡ್ತಾರಲ್ಲ.”

“ಇಲ್ಲಿ ನೋಡಿದಾರೆ ಅಂತ ಅವರು ಅಂದ್ಕೊಂಡಿದ್ರೆ?”

ನಾನು ಸುಮ್ಮನಾದೆ. ಅವಳು ನನ್ನ ಮೌನವನ್ನು ಸಮ್ಮತಿ ಎಂದು ತಿಳಿದು ಮಾಲೀಕರ ಕೋಣೆಯೊಳಗೆ ನಡೆದೇಬಿಟ್ಟಳು.

ಒಳಗೆ ಖುರಾನಾ ಸಾಹೇಬರು ಇದೇ ಜಾಗದಲ್ಲಿ ಇನ್ನೂ ಯಾವ ಯಾವ ಯಂತ್ರಗಳಿಗೆ ಫೈಬರ್ ಹಾಕಬಹುದು ಎಂದು ಹೇಳುತ್ತಿದ್ದರು. ಅವಳನ್ನು ಕಂಡು, “ಆವೋ ಬೇಟಾ. ಸಬ್ ಠೀಕ್?” ಅಂದರು. ಎಲ್ಲ ಸರಿಯಿದೆ ತಾನೇ? ಅದು ಉತ್ತರ ಬೇಡದ ಪ್ರಶ್ನೆ. ಸುಮ್ಮನಿದ್ದರೂ ಹೌದು ಎಂದೇ ಲೆಕ್ಕ.

“ಠೀಕ್ ನಹೀಂ ಹೈ ಸರ್. ಬತ್ತೀ ಬುಝೀ ಹುಯೀ ಥೀ” ಅಂದಳು ಸುಮಿತ್ರಾ. ಸರಿಯಿಲ್ಲ. ದೀಪ ಆರಿತ್ತು. ಬೆಳಗಿನಿಂದ ಒಂದು ಸಂದೇಶವೂ ಆ ಕಡೆ ಹೋಗಿಲ್ಲ. ಇವತ್ತಿನ ಮುದ್ರೆಗಳನ್ನು ನಂಬುವ ಹಾಗಿಲ್ಲ, ಒಂದೂ ಗೇಟು ದಾಟಬಾರದು.

ಯಾರ ತಪ್ಪು ಎಂದು ಮಾಲೀಕರು ಕೇಳಿದರು. ಬಾಗಿಲ ಬಳಿ ಪ್ರಜ್ವಲ್ ತಲೆ ತಗ್ಗಿಸಿ ನಿಂತಿದ್ದ.

“ನಾನು ಹೇಳಿದ್ದು ಒಂದು, ಅದರ ಅರ್ಥ ಇನ್ನೊಂದು. ಹುಡುಗ ನಾನು ಹೇಳಿದ್ದನ್ನೇ ಕೇಳಿಸಿಕೊಂಡ” ಎಂದು ಅವಳು ಹಿಂದಿಯಲ್ಲಿ ಹೇಳಿದಳು. ದೀಪ, ಅಜ್ಜಿ, ದೊಡ್ಡದು ಇವನ್ನೆಲ್ಲ ವಿವರಿಸಲು ಹೋದಳು. ಅರ್ಧಕ್ಕೆ ಅವಳಿಗೇ ನಾಚಿಕೆಯಾಯಿತು.

ಖುರಾನಾ ಸಾಹೇಬರ ಮುಖ ಕೆಂಪಾಗಿತ್ತು. ಅವರು ಏನೋ ಹೇಳುವ ಮುಂಚೆ ಮಾಲೀಕರೇ ಗಡ್ಡ ಕೆರೆದುಕೊಂಡರು.

“ಹಮಾರೀ ಮಾಂ ಭೀ ದಿಯಾ ಬುಝಾನಾ ನಹೀಂ ಕೆಹತೀ ಥೀ. ಕೆಹತೀ ಥೀ, ದಿಯಾ ಬಢಾ ದೋ.”

ನಮ್ಮಮ್ಮನೂ ಆರಿಸು ಅನ್ನುತ್ತಿರಲಿಲ್ಲ, ಬೆಳೆಸು ಅನ್ನುತ್ತಿದ್ದಳು. ಅಷ್ಟು ಹೇಳಿ ಅವರು ಎದ್ದು ಹೋಗಿ, ಗೇಟಿನಲ್ಲಿ ನಿಂತಿದ್ದ ಲಾರಿಯನ್ನು ಒಳಗೆ ಕರೆಸಿದರು. ಲಾರಿಯಲ್ಲಿದ್ದವನ್ನೂ ಅಂಗಳದಲ್ಲಿದ್ದವನ್ನೂ ಒಂದೊಂದಾಗಿ ಮತ್ತೆ ನೀರಿಗೆ ಇಳಿಸಿದರು. ಒಂದರಲ್ಲೂ ಗುಳ್ಳೆ ಏಳಲಿಲ್ಲ.

ಅಂದರೆ ಅದು ಟೆಂಪೋದಲ್ಲಿದೆ.

೮

ಟೆಂಪೋ ಡ್ರೈವರ್ ಫೋನ್ ಎತ್ತುತ್ತಿರಲಿಲ್ಲ. ಸುಮಿತ್ರಾ ಮತ್ತು ಪ್ರಜ್ವಲ್ ಆಫೀಸಿನ ವ್ಯಾನಿನಲ್ಲಿ ಮಥುರಾ ರಸ್ತೆ ಹಿಡಿದರು.

ಇಲ್ಲಿಗೆ ನಾನು ಕಥೆ ಮುಗಿಸುವವನಿದ್ದೆ. ವ್ಯಾನ್ ಓಡುತ್ತಿದೆ, ಟೆಂಪೋ ಎಲ್ಲಿದೆಯೋ ತಿಳಿಯದು, ಅಷ್ಟೇ. ಮುಕ್ತ ಅಂತ್ಯ. ವಿಮರ್ಶಕರಿಗೂ ಕೆಲಸ ಉಳಿಯುತ್ತದೆ. ಸುಮಿತ್ರಾ ವ್ಯಾನಿನ ಕಿಟಕಿಯಿಂದಲೇ ನನ್ನ ಕಡೆ ತಿರುಗಿದಳು.

“ಸಾರ್, ಟೆಂಪೋ ಸಿಗಬೇಕು.”

“ನೋಡಿ, ಈಗಿನ ಕಥೆಗಳಲ್ಲಿ ಎಲ್ಲಾನೂ ಕೂಡಿಸಿ ಕೊಡಲ್ಲ. ಓದುಗರ ಕಲ್ಪನೆಗೆ ಬಿಡ್ತೀವಿ.”

“ಏನು ಬಿಡ್ತೀರಿ? ಸಿಲಿಂಡರಾ?”

“ಬೇಕಾದ್ರೆ ಮೂರು ಅಂತ್ಯ ಕೊಡ್ತೀನಿ, ಒಂದು ಆರಿಸ್ಕೊಳ್ಳಿ. ಮೊದಲನೇದು, ಕಿದ್ವಾಯಿ ನಗರದ ಒಂದು ಮನೆಯಲ್ಲಿ ಬೆಳಿಗ್ಗೆ...”

“ಅದನ್ನ ಬರೆದ್ರೆ ನಾನು ಈ ಕಥೇಲಿ ಇರಲ್ಲ” ಅಂದಳು. “ಒಲೆ ಮುಂದೆ ಬೆಂಕಿಪೊಟ್ಟಣ ಹಿಡಿದು ನಿಲ್ಲೋರು ನಿಮ್ಮ ವಿಮರ್ಶಕರಲ್ಲ ಸಾರ್. ಅಲ್ಲಿ ನಮ್ಮತ್ತೆ ಥರದವರು ನಿಂತಿರ್ತಾರೆ. ನಿಮ್ಮ ಪ್ರಯೋಗ ಬೇರೆ ಎಲ್ಲಾದ್ರೂ ಮಾಡಿ. ಇದೊಂದನ್ನ ಮುಗಿಸಿಕೊಡಿ.”

ಇಷ್ಟು ವರ್ಷ ಅಂತ್ಯವನ್ನು ಓದುಗರಿಗೆ ಬಿಡುವುದು ದೊಡ್ಡ ಔದಾರ್ಯ ಎಂದುಕೊಂಡಿದ್ದೆ. ಅದು ಗುಂಡಿ ಒತ್ತಿ ಆ ಕಡೆ ಯಾರಿದ್ದಾರೆ ಎಂದು ನೋಡದೆ ಮನೆಗೆ ಹೋದ ಹಾಗೆ ಎಂದು ಅವಳು ಹೇಳುತ್ತಿದ್ದಳು. ಎರಡನೆಯ ಮತ್ತು ಮೂರನೆಯ ಅಂತ್ಯಗಳನ್ನು ನಾನು ಅವಳಿಗೆ ಓದಿ ಹೇಳಲೇ ಇಲ್ಲ.

ಬದರ್‌ಪುರದ ಗಡಿಯಲ್ಲಿ ಎಂದಿನ ಹಾಗೆ ಜಾಮ್. (ಇದಕ್ಕೆ ನಾನು ಏನೂ ಹೊಂದಿಸಬೇಕಾಗಲಿಲ್ಲ. ದೆಹಲಿಯೇ ಮಾಡಿಕೊಟ್ಟಿತು.) ಲಾರಿಗಳ ನಡುವೆ, ಕಡಲೆಕಾಯಿ ಸಿಪ್ಪೆ ಉಗುಳುತ್ತಾ ಟೆಂಪೋ ಡ್ರೈವರ್ ನಿಂತಿದ್ದ. ಫೋನ್ ಸೀಟಿನ ಕೆಳಗೆ ಬಿದ್ದಿತ್ತು. ಟೆಂಪೋ ತಿರುಗಿಸಿಕೊಂಡು ಬಂದು ಎಲ್ಲವನ್ನೂ ನೀರಿಗೆ ಇಳಿಸಿದಾಗ ಒಂದರ ಕುತ್ತಿಗೆಯ ಬಳಿಯಿಂದ ಸಣ್ಣ ಗುಳ್ಳೆಗಳ ಸರ ಮೇಲೆ ಬಂತು. ಅದರ ಮೇಲೆ ‘ಪಾಸ್’ ಮುದ್ರೆ ಚೆನ್ನಾಗಿಯೇ ಬಿದ್ದಿತ್ತು. ಉಳಿದವು ಸರಿಯಿದ್ದವು. ರಾಮ್‌ಪಾಲನ ಒಂದೋ ಎರಡೋ, ಒಂದೇ ಆಗಿತ್ತು.

ಸುಮಿತ್ರಾ ತೊಟ್ಟಿಯ ಅಂಚು ಹಿಡಿದುಕೊಂಡು ಅತ್ತುಬಿಟ್ಟಳು. ಪ್ರಜ್ವಲ್ ಅವಳಿಗೆ ನೀರಿನ ಬಾಟಲಿ ತಂದುಕೊಟ್ಟ.

“ಕುಡಿದಾಯ್ತು, ಮುಚ್ಚಳ ಹಾಕು” ಎಂದಳು ಅವಳು ಸ್ವಲ್ಪ ಹೊತ್ತಿನ ಮೇಲೆ.

“ಹಾಕು ಅಂದ್ರೆ ಕ್ಲೋಸ್, ಅಲ್ವಾ ಮೇಡಂ?”

ಅವಳಿಗೆ ಅಳುವಿನ ನಡುವೆಯೇ ನಗು ಬಂತು. ಅವತ್ತಿನಿಂದ ಅವನು ಪ್ರತಿಯೊಂದನ್ನೂ ಹೀಗೆ ತಿರುಗಿ ಕೇಳುತ್ತಿದ್ದ. ಆಫೀಸಿನಲ್ಲಿ ಕೆಲವರು ನಗುತ್ತಿದ್ದರು. ಅವಳು ನಗುತ್ತಿರಲಿಲ್ಲ.

೮ (ಮತ್ತೆ)

ಒಂಬತ್ತು ಎಂದು ಬರೆದರೆ ಮುಗಿಯುವ ಕಡೆ ಹೊರಟಂತೆ ಆಗುತ್ತದೆ. ಹಾಗಾಗಿ ಎಂಟರಲ್ಲೇ ಇನ್ನೊಂದು ಸುತ್ತು, ಉಪ್ಪುಕಾಗದದ ಮೇಲೆ ತಿಕ್ಕಿದ ಹಾಗೆ.

ಸಿಲಿಂಡರ್ ಸಿಕ್ಕಿತು, ಕೊಟ್ಟ ಮಾತಿನಂತೆ ಅದನ್ನು ಮುಗಿಸಿದ್ದೇನೆ. ಇನ್ನು ಉಳಿದವುಗಳನ್ನು ಮುಗಿಸುವುದಿಲ್ಲ. ಪ್ರಜ್ವಲನ ಕೆಲಸ ಉಳಿಯಿತೇ? ಆ ವಾರ ಖುರಾನಾ ಸಾಹೇಬರು ಅವನ ಮುಖ ನೋಡಿ ಮಾತಾಡಿರಲಿಲ್ಲ. ಮೌನಕ್ಕೆ ಏನರ್ಥ ಎಂದು ಅವನೇ ಹೋಗಿ ಕೇಳಬೇಕು, ಕೇಳುತ್ತಾನೆ ಎಂದು ನನ್ನ ನಂಬಿಕೆ. ಫೈಬರಿನಲ್ಲಿ ದೀಪ ಸದಾ ಉರಿಯಬೇಕೆಂದು ಸುಮಿತ್ರಾ ಮತ್ತೆ ಕೇಳಿದಳು. ಈ ಸಲ ಚಹಾ ಬಂದ ಮೇಲೂ ಕೇಳಿದಳು, ಕ್ರಿಕೆಟ್ ಎತ್ತಿದ ಮೇಲೂ ಕೇಳಿದಳು. “ಸೋಚೇಂಗೆ” ಅಂದರು ಸಾಹೇಬರು, ಯೋಚಿಸೋಣ ಎಂದು. ಯೋಚಿಸುತ್ತಿದ್ದಾರೆ.

ನಾನು ನಿಲ್ಲಿಸುವುದು ಆರ್.ಕೆ.ಪುರಂನಲ್ಲಿ, ಒಂದು ಭಾನುವಾರದ ಸಂಜೆ. ಸಂಘದಲ್ಲಿ ಕಾರ್ಯಕ್ರಮ, ಎಲ್ಲರೂ ಹೊರಟಿದ್ದಾರೆ. ವಿಕ್ರಮ್ ಕೆಳಗೆ ಆಟೋ ಹಿಡಿದು ನಿಲ್ಲಿಸಿದ್ದಾನೆ. ಈಶ್ವರಪ್ಪ ಕನ್ನಡಕ ಹುಡುಕುತ್ತಿದ್ದಾರೆ. ಸುಮಿತ್ರಾ ಬೀಗ ಹಿಡಿದು ಬಾಗಿಲಲ್ಲಿ ನಿಂತಿದ್ದಾಳೆ. ಲೀಲಮ್ಮ ಚಪ್ಪಲಿ ಮೆಟ್ಟುತ್ತಾ ಎಂದಿನ ಹಾಗೆ ಹೇಳುತ್ತಾರೆ.

“ತನ್ವಿ, ದೇವರ ದೀಪ ದೊಡ್ಡದು ಮಾಡಿ ಬಾರಮ್ಮ.”

ತನ್ವಿ ಒಳಗೆ ಓಡುತ್ತಾಳೆ. ದೀಪದ ಮುಂದೆ ನಿಂತು ಕೈ ಮುಂದೆ ಮಾಡುತ್ತಾಳೆ. ಆಮೇಲೆ ಕೈ ಹಿಂದಕ್ಕೆ ತೆಗೆದು, ಅಲ್ಲಿಂದಲೇ, ಅಪರೂಪಕ್ಕೆ ಕನ್ನಡದಲ್ಲಿ ಕೂಗುತ್ತಾಳೆ.

“ಅಜ್ಜಿ, ದೊಡ್ಡದು ಅಂದ್ರೆ ದೊಡ್ಡದಾ, ಇಲ್ಲಾ ಮತ್ತೊಂದಾ?”

ಲೀಲಮ್ಮ ಬಾಯಿ ತೆರೆಯುತ್ತಾರೆ. ಎಪ್ಪತ್ತು ವರ್ಷ ಆಡದ ಪದ. ಅವರು ಸೊಸೆಯ ಮುಖ ನೋಡುತ್ತಾರೆ, ಸೊಸೆ ಅವರ ಮುಖ ನೋಡುತ್ತಾಳೆ. ಕೆಳಗೆ ಆಟೋದವನು ಹಾರ್ನ್ ಹೊಡೆಯುತ್ತಾನೆ.

ಅವರು ಏನು ಹೇಳಿದರು ಎಂದು ನಾನು ಬರೆಯುವುದಿಲ್ಲ. ಮಗು ಕೇಳಿ ನಿಂತಿದೆ, ಉತ್ತರ ಬರುವ ತನಕ ಕೈ ಹಾಕುವುದಿಲ್ಲ. ಅಲ್ಲಿಯವರೆಗೆ ದೀಪ ಉರಿಯುತ್ತಿರುತ್ತದೆ.